ಬಾಲಚುಕ್ಕಿ, ಉಲ್ಕೆ, ಸೌರವ್ಯೂಹ: ದುರ್ಗದ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ಹೊರಗೆ, ಶೇಂಗಾ ಕಿತ್ತು ಖಾಲಿಯಾದ ಪರಿಚಯದವರ ಹೊಲವೊಂದರಲ್ಲಿ ಪ್ರತಿ ಡಿಸೆಂಬರ್‌ನಲ್ಲಿ ಒಂದು ರಾತ್ರಿ ಮಕ್ಕಳನ್ನು ಕೂಡಿಸಿಕೊಂಡು ಆಕಾಶ ನೋಡುತ್ತೇವೆ. ಇದಕ್ಕೆ ಸಂಘವಿಲ್ಲ, ಬ್ಯಾನರ್ ಇಲ್ಲ, ಶುಲ್ಕವೂ ಇಲ್ಲ. ಆದರೆ ಪ್ರಶ್ನೆಗಳು ಡಿಸೆಂಬರ್‌ಗೆ ಕಾಯುವುದಿಲ್ಲ. ಅಪ್ಪ ಅಮ್ಮಂದಿರ ಮೊಬೈಲಿನಿಂದ ವರ್ಷವಿಡೀ ಬರುತ್ತಲೇ ಇರುತ್ತವೆ. ಒಂದೇ ಉತ್ತರವನ್ನು ಇಪ್ಪತ್ತು ಸಲ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು, ಖಗೋಳ ವಿಜ್ಞಾನಿಯಲ್ಲ. ಮಕ್ಕಳಿಗೆ ಓದಿ ಹೇಳುವಾಗ ನಿಮ್ಮ ಊರಿನ ಉದಾಹರಣೆಗಳನ್ನು ಸೇರಿಸಿಕೊಳ್ಳಿ.

ಆಕಾಶದಿಂದ ನಕ್ಷತ್ರ ನಿಜವಾಗಿಯೂ ಕೆಳಗೆ ಬೀಳುತ್ತದೆಯೇ?

ಇಲ್ಲ. ನಕ್ಷತ್ರವೆಂದರೆ ಸೂರ್ಯನಂಥದ್ದೇ ಇನ್ನೊಂದು ಸೂರ್ಯ. ಅದು ಬಿದ್ದರೆ ನಾವು ನೋಡುತ್ತಾ ಕೂರಲು ಇರುವುದಿಲ್ಲ.

‘ಚುಕ್ಕಿ ಬಿತ್ತು’ ಎಂದು ನಾವು ಹೇಳುವುದು ಉಲ್ಕೆಗೆ. ಬಾಹ್ಯಾಕಾಶದಲ್ಲಿ ಸುತ್ತುತ್ತಿರುವ ಮರಳಿನ ಕಣದಷ್ಟೋ, ಹೆಚ್ಚೆಂದರೆ ಒಂದು ಶೇಂಗಾ ಬೀಜದಷ್ಟೋ ದೊಡ್ಡದಾದ ಚೂರು ಭೂಮಿಯ ವಾತಾವರಣಕ್ಕೆ ನುಗ್ಗುತ್ತದೆ. ವೇಗ ಸೆಕೆಂಡಿಗೆ ಹತ್ತಾರು ಕಿಲೋಮೀಟರ್. ಡಿಸೆಂಬರ್‌ನ ಉಲ್ಕೆಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ಓಡುತ್ತವೆ. ಆ ವೇಗದಲ್ಲಿ ದುರ್ಗದಿಂದ ದಾವಣಗೆರೆಗೆ ಎರಡು ಸೆಕೆಂಡೂ ಬೇಡ. ಅಷ್ಟು ರಭಸಕ್ಕೆ ಅದರ ಮುಂದಿನ ಗಾಳಿ ಒತ್ತಿಕೊಂಡು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿದರೆ ಬಿಸಿಯಾಗಿರುತ್ತದಲ್ಲ, ಕಾರಣ ಅದೇ, ಪ್ರಮಾಣ ಮಾತ್ರ ಬೇರೆ. ಚೂರು ಉರಿದು ಆವಿಯಾಗುತ್ತದೆ, ಸುತ್ತಲಿನ ಗಾಳಿ ಹೊಳೆಯುತ್ತದೆ. ಇದೆಲ್ಲ ನಡೆಯುವುದು ನೆಲದಿಂದ 80ರಿಂದ 100 ಕಿ.ಮೀ. ಮೇಲೆ. ‘ಆ ಗುಡ್ಡದ ಹಿಂದೆಯೇ ಬಿತ್ತು’ ಎಂದು ಮಕ್ಕಳು ಓಡುತ್ತಾರೆ. ಓಡಲಿ ಬಿಡಿ, ಆಮೇಲೆ ಹೇಳಿದರಾಯಿತು.

ಉಲ್ಕೆ, ಉಲ್ಕಾಶಿಲೆ, ಧೂಮಕೇತು, ಕ್ಷುದ್ರಗ್ರಹ: ಎಲ್ಲ ಒಂದೇ ಅಲ್ಲವೇ?

ಅಲ್ಲ. ಆಕಾಶದಲ್ಲಿ ಉರಿದ ಗೆರೆ ಉಲ್ಕೆ. ಪೂರ್ತಿ ಉರಿಯದೆ ನೆಲಕ್ಕೆ ಬಂದು ಬಿದ್ದ ಕಲ್ಲು ಉಲ್ಕಾಶಿಲೆ. ಮಂಜುಗಡ್ಡೆ, ಧೂಳು, ಕಲ್ಲು ಬೆರೆತ ಮುದ್ದೆಯೊಂದು ಸೂರ್ಯನ ಹತ್ತಿರ ಬಂದು ಬಾಲ ಬಿಟ್ಟರೆ ಧೂಮಕೇತು, ನಮ್ಮ ಹಳ್ಳಿಯ ಮಾತಿನಲ್ಲಿ ಬಾಲಚುಕ್ಕಿ. ಬಹುಪಾಲು ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕಲ್ಲು, ಲೋಹದ ಬಂಡೆಗಳು ಕ್ಷುದ್ರಗ್ರಹಗಳು.

‘ಕ್ಷುದ್ರ’ ಎಂಬ ಪದ ಮಕ್ಕಳನ್ನು ದಾರಿ ತಪ್ಪಿಸುತ್ತದೆ. ಆರನೇ ತರಗತಿಯ ಹುಡುಗನೊಬ್ಬ ‘ಕ್ಷುದ್ರಗ್ರಹವೆಂದರೆ ಮಾಟ ಮಾಡುವ ಗ್ರಹವೇ ಮಿಸ್?’ ಎಂದು ತೀರ ಗಂಭೀರವಾಗಿ ಕೇಳಿದ್ದ. ಟಿ.ವಿ. ಧಾರಾವಾಹಿಗಳಲ್ಲಿ ಕ್ಷುದ್ರಶಕ್ತಿಯನ್ನು ನೋಡಿದವನು ಇನ್ನೇನು ಕೇಳಿಯಾನು? ಇಲ್ಲಿ ಕ್ಷುದ್ರ ಎಂದರೆ ಚಿಕ್ಕದು, ಅಷ್ಟೇ. ಧೂಮಕೇತು ಮಾತ್ರ ಬಲು ಚೆಂದದ ಪದ: ಧೂಮ ಎಂದರೆ ಹೊಗೆ, ಕೇತು ಎಂದರೆ ಬಾವುಟ. ಹೊಗೆಯ ಬಾವುಟ. ಈ ಬಾವುಟದ ವಿಷಯ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ದೇವಸ್ಥಾನದಲ್ಲಿ ನವಗ್ರಹ ಇವೆ, ಪುಸ್ತಕದಲ್ಲಿ ಎಂಟೇ ಗ್ರಹ. ಯಾವುದು ಸರಿ?

ಎರಡೂ ಬೇರೆ ಬೇರೆ ಲೆಕ್ಕ. ಮಗುವನ್ನು ಗುಡಿಗೆ ಕರೆದುಕೊಂಡು ಹೋದಾಗ ಒಂಬತ್ತನ್ನೂ ಎಣಿಸಲು ಹೇಳಿ: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ, ರಾಹು, ಕೇತು. ನಾವು ನಿಂತಿರುವ ಭೂಮಿಯೇ ಅದರಲ್ಲಿಲ್ಲ! ಏಕೆಂದರೆ ಅದು ಭೂಮಿಯ ಮೇಲೆ ನಿಂತು ತಲೆ ಎತ್ತಿದವರು ಮಾಡಿದ ಪಟ್ಟಿ. ನಕ್ಷತ್ರಗಳ ನಡುವೆ ಜಾಗ ಬದಲಿಸುತ್ತಾ ಹೋಗುವುದೆಲ್ಲ ಅವರಿಗೆ ಗ್ರಹ. ರಾಹು, ಕೇತು ಕಣ್ಣಿಗೆ ಕಾಣುವ ವಸ್ತುಗಳಲ್ಲ. ಆಕಾಶದಲ್ಲಿ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು. ಗ್ರಹಣ ಆಗುವುದು ಆ ಬಿಂದುಗಳ ಬಳಿಯೇ. ಹಾಗಾಗಿ ‘ರಾಹು ನುಂಗಿದ’ ಎಂಬ ಕಥೆಯ ಹಿಂದೆ ಲೆಕ್ಕ ಬಲ್ಲವರಿದ್ದರು.

ಪುಸ್ತಕದ ಎಂಟು, ಸೂರ್ಯನನ್ನು ಸುತ್ತುವ ದೊಡ್ಡ ಕಾಯಗಳ ಪಟ್ಟಿ: ಬುಧ, ಶುಕ್ರ, ಭೂಮಿ, ಮಂಗಳ, ಗುರು, ಶನಿ, ಯುರೇನಸ್, ನೆಪ್ಚೂನ್. ಇವುಗಳಲ್ಲಿ ಐದರ ಹೆಸರು ಮಗುವಿಗೆ ಆಗಲೇ ಗೊತ್ತು, ವಾರದ ದಿನಗಳಲ್ಲೇ ಇವೆ. ಯುರೇನಸ್ ಸಿಕ್ಕಿದ್ದು 1781ರಲ್ಲಿ, ಅಂದರೆ ನಮ್ಮ ಕೋಟೆ ಹೈದರಾಲಿಯ ವಶವಾದ ಎರಡು ವರ್ಷಕ್ಕೆ. ನೆಪ್ಚೂನ್ 1846ರಲ್ಲಿ.

ಪ್ಲೂಟೊ ಏನಾಯಿತು?

ಏನೂ ಆಗಿಲ್ಲ, ಅಲ್ಲೇ ಇದೆ. 2006ರಲ್ಲಿ ಅದನ್ನು ‘ಕುಬ್ಜ ಗ್ರಹ’ಗಳ ಗುಂಪಿಗೆ ಸೇರಿಸಿದರು. ಪ್ಲೂಟೊ ಎಂಬ ಹೆಸರನ್ನು ಸೂಚಿಸಿದವಳು 11 ವರ್ಷದ ಇಂಗ್ಲೆಂಡಿನ ಹುಡುಗಿ ವೆನೀಷಿಯಾ ಬರ್ನಿ, 1930ರಲ್ಲಿ. ಮಕ್ಕಳಿಗೆ ಇದನ್ನು ಹೇಳಿದರೆ ಉಳಿದದ್ದನ್ನೆಲ್ಲ ಮರೆತು ‘ನಾನೂ ಹೆಸರಿಡಬಹುದಾ’ ಎಂದು ಕೇಳುತ್ತಾರೆ.

ಸೌರವ್ಯೂಹ ಎಷ್ಟು ದೊಡ್ಡದು? ಚಾರ್ಟಿನಲ್ಲಿ ಎಲ್ಲ ಗ್ರಹಗಳೂ ಅಕ್ಕಪಕ್ಕದಲ್ಲಿಯೇ ಇವೆಯಲ್ಲ?

ಆ ಚಾರ್ಟನ್ನು ಗೋಡೆಯಿಂದ ಇಳಿಸಿಬಿಡಿ ಎನ್ನುವಷ್ಟು ಸಿಟ್ಟು ನನಗೆ. ಅದರಲ್ಲಿ ಗ್ರಹಗಳು ಬಸ್ಸಿಗೆ ಕಾದು ನಿಂತವರ ಹಾಗೆ ಒತ್ತೊತ್ತಾಗಿ ನಿಂತಿರುತ್ತವೆ. ಹಾಗೆ ಬರೆಯದಿದ್ದರೆ ಕಾಗದಕ್ಕೆ ಹಿಡಿಸುವುದಿಲ್ಲ, ನಿಜ. ಆದರೆ ಒಮ್ಮೆ ಆ ಚಿತ್ರ ತಲೆಯಲ್ಲಿ ಕೂತರೆ ತೆಗೆಯುವುದು ಕಷ್ಟ.

ಅದರ ಬದಲು ಅಡುಗೆಮನೆಗೆ ಹೋಗಿ. 10 ಲಕ್ಷ ಕಿ.ಮೀ.ಗೆ ಒಂದು ಮೀಟರ್ ಎಂದು ಲೆಕ್ಕ ಹಿಡಿಯೋಣ. ಆಗ ಸೂರ್ಯ ಐದನೇ ತರಗತಿಯ ಹುಡುಗಿಯಷ್ಟು ಎತ್ತರದ ಚೆಂಡು, ಸುಮಾರು 1.4 ಮೀಟರ್. ಭೂಮಿ ಒಂದು ಸಣ್ಣ ಗೋಲಿ. ಅದನ್ನು ಇಡಬೇಕಾದದ್ದು ಸೂರ್ಯನಿಂದ 150 ಮೀಟರ್ ದೂರದಲ್ಲಿ, ಅಂದರೆ ಶಾಲೆಯ ಮೈದಾನದ ಆಚೆ ತುದಿಯಲ್ಲಿ. ಚಂದ್ರ ಒಂದು ಜೋಳದ ಕಾಳು, ಗೋಲಿಯಿಂದ ಮೊಳಕ್ಕಿಂತ ತುಸು ಕಡಿಮೆ ದೂರ. ಬುಧ ಹೆಸರುಕಾಳು, 58 ಮೀಟರ್. ಶುಕ್ರ ಇನ್ನೊಂದು ಗೋಲಿ, 108 ಮೀಟರ್. ಮಂಗಳ ಒಂದು ಕಡಲೆಕಾಳು, 228 ಮೀಟರ್. ಕ್ಷುದ್ರಗ್ರಹಗಳಲ್ಲೆಲ್ಲ ದೊಡ್ಡದಾದ ಸೆರೆಸ್ ಒಂದು ರಾಗಿ ಕಾಳಷ್ಟೂ ಇಲ್ಲ. ಗುರುವಿಗೆ ದೊಡ್ಡ ತೆಂಗಿನಕಾಯಿ ಬೇಕು, ಮುಕ್ಕಾಲು ಕಿಲೋಮೀಟರ್ ನಡೆಯಬೇಕು. ಶನಿ ಅದಕ್ಕಿಂತ ಚೂರು ಚಿಕ್ಕ ಕಾಯಿ, 1.4 ಕಿ.ಮೀ. ಯುರೇನಸ್, ನೆಪ್ಚೂನ್ ಎರಡೂ ನಿಂಬೆಹಣ್ಣು, ಮೊದಲನೆಯದು 2.9 ಕಿ.ಮೀ., ಎರಡನೆಯದು 4.5 ಕಿ.ಮೀ.

ಒಮ್ಮೆ ಇದನ್ನು ಮಾಡಿ ನೋಡಿದೆವು. ಮಂಗಳದವರೆಗೆ ಮೂವತ್ತೆರಡು ಮಕ್ಕಳು ಬಂದರು. ಗುರುವಿನವರೆಗೆ ಹನ್ನೊಂದು. ಶನಿಯ ಹತ್ತಿರ ಅಂಗಡಿಯೊಂದಿತ್ತು, ಅಲ್ಲಿ ಮಂಡಕ್ಕಿ ತಿಂದು ಎಲ್ಲರೂ ವಾಪಸಾದೆವು. ನೆಪ್ಚೂನಿಗೆ ಈವರೆಗೆ ನಾವಂತೂ ಹೋಗಿಲ್ಲ.

ಇದೇ ಲೆಕ್ಕದಲ್ಲಿ, 1977ರಲ್ಲಿ ಹಾರಿಬಿಟ್ಟ ವಾಯೇಜರ್ 1 ನೌಕೆ ಈಗ ಸುಮಾರು 25 ಕಿ.ಮೀ. ದೂರದಲ್ಲಿದೆ. ಸೂರ್ಯನನ್ನು ದುರ್ಗದಲ್ಲಿಟ್ಟರೆ ನೌಕೆ ಭರಮಸಾಗರದ ಆಸುಪಾಸಿನಲ್ಲಿರುತ್ತದೆ. ಸುಮಾರು ಐವತ್ತು ವರ್ಷ ನಿಲ್ಲದೆ ಓಡಿದ್ದಕ್ಕೆ ಅಷ್ಟು ದೂರ! ಸೂರ್ಯನ ನಂತರದ ಹತ್ತಿರದ ನಕ್ಷತ್ರ ಎಲ್ಲಿ ಎಂದರೆ, 40,000 ಕಿ.ಮೀ. ದೂರದಲ್ಲಿ. ದುರ್ಗದಿಂದ ಹೊರಟು ಭೂಮಿಯನ್ನೇ ಒಂದು ಸುತ್ತು ಹಾಕಿ ದುರ್ಗಕ್ಕೆ ಬಂದಷ್ಟು.

ಧೂಮಕೇತುವಿಗೆ ಬಾಲ ಏಕೆ? ಓಡುವಾಗ ಹಿಂದೆ ಬೀಳುವುದೇ?

ನಾಯಕನಹಟ್ಟಿಯ ತೇರು ನೋಡಿದ್ದೀರಲ್ಲ? ತೇರು ಯಾವ ದಿಕ್ಕಿಗೆ ಹೋದರೂ ಮೇಲಿನ ಬಾವುಟ ಗಾಳಿ ಬೀಸಿದ ದಿಕ್ಕಿಗೇ ಹಾರುತ್ತದೆ. ಗಾಳಿ ಹಿಂದಿನಿಂದ ಬಂದರೆ ಬಾವುಟ ತೇರಿಗಿಂತ ಮುಂದೆ ಚಾಚಿರುತ್ತದೆ. ಹೊಗೆಯ ಬಾವುಟದ ಕಥೆಯೂ ಅದೇ. ಇಲ್ಲಿ ಗಾಳಿ ಬೀಸುವವನು ಸೂರ್ಯ. ಹಾಗಾಗಿ ಧೂಮಕೇತುವಿನ ಬಾಲ ಯಾವಾಗಲೂ ಸೂರ್ಯನಿಗೆ ಬೆನ್ನು ಮಾಡಿರುತ್ತದೆ. ಸೂರ್ಯನ ಕಡೆಗೆ ಬರುವಾಗ ಬಾಲ ಹಿಂದೆ. ಸೂರ್ಯನನ್ನು ಸುತ್ತಿ ಮರಳುವಾಗ ಬಾಲವೇ ಮುಂದೆ.

ಧೂಮಕೇತು ತನ್ನ ಆಯುಷ್ಯದ ಬಹುಭಾಗ ಬಾಲವೇ ಇಲ್ಲದೆ ಕತ್ತಲಲ್ಲಿ ಇರುತ್ತದೆ. ಸೂರ್ಯನ ಹತ್ತಿರ ಬಂದಾಗ ಮಂಜು ನೀರಾಗದೆ ನೇರವಾಗಿ ಆವಿಯಾಗುತ್ತದೆ (ಡಬ್ಬದಲ್ಲಿಟ್ಟ ಕರ್ಪೂರ ಕರಗದೆಯೇ ಮಾಯವಾಗುವ ಹಾಗೆ), ಜೊತೆಗೆ ಧೂಳನ್ನೂ ಎಬ್ಬಿಸುತ್ತದೆ. ಗಮನಿಸಿ ನೋಡಿದರೆ ಬಾಲ ಒಂದಲ್ಲ, ಎರಡು. ಕಣದಲ್ಲಿ ರಾಶಿ ತೂರಿದವರಿಗೆ ಇದನ್ನು ವಿವರಿಸುವುದೇ ಬೇಡ. ತೂರಿದಾಗ ಹಗುರಾದ ಹೊಟ್ಟು ಗಾಳಿಯ ಜೊತೆ ನೆಟ್ಟಗೆ ಹಾರಿಹೋಗುತ್ತದೆ, ತುಸು ಭಾರದ್ದು ಬಾಗಿ ಹತ್ತಿರದಲ್ಲಿ ಬೀಳುತ್ತದೆ. ಅನಿಲದ ಬಾಲ ಹೊಟ್ಟಿನ ಹಾಗೆ ನೇರ, ಬಣ್ಣ ನೀಲಿ. ಧೂಳಿನ ಬಾಲ ಬಾಗಿರುತ್ತದೆ, ಬಣ್ಣ ಹಳದಿ ಮಿಶ್ರಿತ ಬಿಳಿ.

ಉದ್ದ ಲಕ್ಷಾಂತರ, ಕೆಲವೊಮ್ಮೆ ಕೋಟ್ಯಂತರ ಕಿಲೋಮೀಟರ್. ಆದರೆ ಬಾಲ ಬಿಡುವ ಗಟ್ಟಿ ಮುದ್ದೆ ತೀರ ಪುಟ್ಟದು. ಹ್ಯಾಲಿ ಧೂಮಕೇತುವಿನದ್ದು ಸುಮಾರು 15 ಕಿ.ಮೀ. ಉದ್ದ, 8 ಕಿ.ಮೀ. ಅಗಲ. 2014ರ ನವೆಂಬರ್ 12ರಂದು ಯುರೋಪಿನ ರೊಸೆಟ್ಟಾ ನೌಕೆ ಇಂಥದ್ದೇ ಇನ್ನೊಂದು ಮುದ್ದೆಯ ಮೇಲೆ ಫಿಲೇ ಎಂಬ ಪುಟ್ಟ ಯಂತ್ರವನ್ನು ಇಳಿಸಿತು. ಅಲ್ಲಿ ಗುರುತ್ವ ಎಷ್ಟು ಕಡಿಮೆಯೆಂದರೆ ಅದು ಮುಟ್ಟಿದ ಮೇಲೆ ಪುಟಿದು, ಮತ್ತೆ ಪುಟಿದು, ಕೊನೆಗೆ ನೆರಳಿನ ಮೂಲೆಯೊಂದರಲ್ಲಿ ಹೋಗಿ ಕೂತಿತು.

ಹ್ಯಾಲಿ ಧೂಮಕೇತು ನನಗೆ ಕಾಣುತ್ತದೆಯೇ?

2061ರ ಬೇಸಿಗೆ ಕಳೆದ ಮೇಲೆ. ಇವತ್ತು ಎಂಟು ವರ್ಷದವರಿಗೆ ಆಗ ನಲವತ್ತೈದರ ಆಸುಪಾಸು. ಮಕ್ಕಳಿಗೆ ಈ ಲೆಕ್ಕವನ್ನು ತಾವೇ ಮಾಡಲು ಬಿಡಿ, ಕೂಡಲೇ ‘ಮಿಸ್, ನಿಮಗೆ ಆಗ ಎಷ್ಟು?’ ಎಂದು ಕೇಳುತ್ತಾರೆ. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ.

ಸುಮಾರು 76 ವರ್ಷಕ್ಕೊಮ್ಮೆ ಬರುವ ಅತಿಥಿ ಇದು. ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ ಹಳೆಯ ದಾಖಲೆಗಳನ್ನು ಹೋಲಿಸಿ, ಬೇರೆ ಬೇರೆ ಎಂದುಕೊಂಡಿದ್ದ ಧೂಮಕೇತುಗಳು ಒಂದೇ ಎಂದೂ, ಅದು 1758ರ ಹೊತ್ತಿಗೆ ಮರಳುತ್ತದೆ ಎಂದೂ ಹೇಳಿದ. ಹೇಳಿದವನು 1742ರಲ್ಲಿ ತೀರಿಕೊಂಡ. 1758ರ ಡಿಸೆಂಬರ್‌ನಲ್ಲಿ ಅದು ಕಾಣಿಸಿಕೊಂಡಿತು, 1759ರ ಮಾರ್ಚಿನಲ್ಲಿ ಸೂರ್ಯನ ಹತ್ತಿರ ಹಾದುಹೋಯಿತು. ಆಗ ಇಲ್ಲಿ ಆಳುತ್ತಿದ್ದವನು ಕೊನೆಯ ಮದಕರಿ ನಾಯಕ. ಕೋಟೆಯ ಬುರುಜಿನ ಮೇಲೆ ಕಾವಲಿಗಿದ್ದ ಯಾರೋ ಒಬ್ಬ ಅದನ್ನು ಕಂಡು ಪಕ್ಕದವನನ್ನು ಎಬ್ಬಿಸಿರಬಹುದು ಎಂದು ಊಹಿಸಿಕೊಳ್ಳುವುದು ನನಗೆ ಇಷ್ಟ.

ಆಮೇಲೆ 1835, 1910, 1986. ಮೂರನೆಯದನ್ನು ನಾನು ನೋಡಿದ್ದೇನೆ. ಆಗ ದಾವಣಗೆರೆಯಲ್ಲಿದ್ದೆವು, ನನಗೆ ಏಳು ವರ್ಷ. ಬೆಳಗಿನ ಜಾವ ಅಪ್ಪ ಎಬ್ಬಿಸಿ ಮಾಳಿಗೆ ಹತ್ತಿಸಿದರು. ಕಂಡದ್ದು ಮಿಲ್ಲಿನ ಗಾಡಿಯಿಂದ ಉದುರಿದ ಹತ್ತಿಯ ಎಳೆಯಂಥ ಮಸುಕು. ‘ಇಷ್ಟೇನಾ?’ ಎಂದೆನಂತೆ. ಅಪ್ಪ ಅದನ್ನು ಸಾಯುವವರೆಗೂ ಎಲ್ಲರಿಗೂ ಹೇಳಿ ನಗುತ್ತಿದ್ದರು. ಮಕ್ಕಳನ್ನು ಕರೆದೊಯ್ಯುವಾಗ ಇದನ್ನು ನೆನಪಿಡಿ: ಪೇಪರಿನಲ್ಲಿ ಬರುವ ಫೋಟೊದಂತೆ ಕಣ್ಣಿಗೆ ಕಾಣುವುದು ಅಪರೂಪ.

ಅಂದಹಾಗೆ, ಹ್ಯಾಲಿಯ ಚೂರುಗಳನ್ನು ನೋಡಲು 2061ರವರೆಗೆ ಕಾಯಬೇಕಿಲ್ಲ. ಅದು ಉದುರಿಸಿಹೋದ ಧೂಳು ಮೇ ಮೊದಲ ವಾರ ಮತ್ತು ಅಕ್ಟೋಬರ್ 21ರ ಸುಮಾರಿಗೆ ಪ್ರತಿ ವರ್ಷ ಉಲ್ಕೆಗಳಾಗಿ ಉರಿಯುತ್ತದೆ.

ಅದು ಹೇಗೆ ಪ್ರತಿ ವರ್ಷ ಅದೇ ತಾರೀಖಿಗೆ ಬರುತ್ತದೆ?

ಸುಗ್ಗಿಯಲ್ಲಿ ದಾವಣಗೆರೆ ಎಪಿಎಂಸಿಗೆ ಹೋಗುವ ದಾರಿಯಲ್ಲಿ ಮೆಕ್ಕೆಜೋಳ ಉದುರಿಬಿದ್ದಿರುತ್ತದೆ. ಟ್ರ್ಯಾಕ್ಟರ್ ಯಾವಾಗಲೋ ಹೋಗಿಯಾಗಿದೆ, ಕಾಳಿನ ಸಾಲು ಉಳಿದಿದೆ. ಧೂಮಕೇತುವೂ ಸೋರುವ ಚೀಲ ಹೊತ್ತ ಟ್ರ್ಯಾಕ್ಟರ್. ಅದರ ದಾರಿಯುದ್ದಕ್ಕೂ ಧೂಳಿನ ಸಾಲು ಇರುತ್ತದೆ. ಭೂಮಿ ವರ್ಷಕ್ಕೊಂದು ಸುತ್ತು ಬರುವಾಗ ಅದೇ ಜಾಗದಲ್ಲಿ ಆ ಸಾಲನ್ನು ದಾಟುತ್ತದೆ, ಹಾಗಾಗಿ ಅದೇ ತಾರೀಖು. ಅದಕ್ಕೆ ಉಲ್ಕಾವೃಷ್ಟಿ ಎನ್ನುತ್ತಾರೆ. ‘ವೃಷ್ಟಿ’ ಎಂದದ್ದಕ್ಕೆ ಕೊಡೆ ತಂದ ಮಗುವೂ ಇದೆ. ನಗಬೇಡಿ, ಪದದ ಅರ್ಥ ಅವಳಿಗೆ ಸರಿಯಾಗಿಯೇ ಗೊತ್ತಿತ್ತು.

ನಡುರಾತ್ರಿ ಕಳೆದ ಮೇಲೆ ಹೆಚ್ಚು ಕಾಣುವುದಕ್ಕೂ ಕಾರಣವಿದೆ. ಸಂಜೆ ಕೆರೆ ಏರಿಯ ಮೇಲೆ ಬೈಕಿನಲ್ಲಿ ಹೋದರೆ ಹುಳುಗಳು ಮುಖಕ್ಕೆ ಬಡಿಯುತ್ತವೆ, ಬೆನ್ನಿಗಲ್ಲ. ಮಧ್ಯರಾತ್ರಿಯಿಂದ ಬೆಳಗಿನವರೆಗೆ ನಾವು ಭೂಮಿಯ ‘ಮುಖ’ದ ಕಡೆ, ಅಂದರೆ ಅದು ಸೂರ್ಯನ ಸುತ್ತ ಓಡುವ ದಿಕ್ಕಿನ ಕಡೆ ಇರುತ್ತೇವೆ.

ನಮ್ಮ ಕಡೆ ಯಾವ ಉಲ್ಕಾವೃಷ್ಟಿ ನೋಡುವುದು ಒಳ್ಳೆಯದು? ಎಲ್ಲಿ?

ಡಿಸೆಂಬರ್ 13ರ ರಾತ್ರಿಯಿಂದ 14ರ ಬೆಳಗಿನವರೆಗೆ ಬರುವ ಜೆಮಿನಿಡ್ಸ್. ಆಗಸ್ಟ್ 12-13ರ ಪರ್ಸಿಡ್ಸ್‌ಗೆ ಜಗತ್ತಿನಲ್ಲೆಲ್ಲ ಹೆಸರು ಹೆಚ್ಚು, ಆದರೆ ನಮಗೆ ಅದು ಮುಂಗಾರಿನ ಮೋಡದ ಕಾಲ. ಡಿಸೆಂಬರ್‌ನಲ್ಲಿ ಸಾಮಾನ್ಯವಾಗಿ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಇನ್ನೊಂದು ಅನುಕೂಲ: ಈ ಉಲ್ಕೆಗಳು ಹೊಮ್ಮಿದಂತೆ ಕಾಣುವ ಮಿಥುನ ರಾಶಿ ರಾತ್ರಿ ಒಂಬತ್ತರ ಹೊತ್ತಿಗೇ ಪೂರ್ವದಲ್ಲಿ ಮೇಲೆದ್ದಿರುತ್ತದೆ. ಚಿಕ್ಕವರು ಹತ್ತೂವರೆಗೆ ನಿದ್ದೆಹೋದರೂ ಬರಿಗೈಯಲ್ಲಿ ಹೋಗುವುದಿಲ್ಲ. ಎರಡು ಗಂಟೆಯ ಸುಮಾರಿಗೆ ಮಿಥುನ ನೆತ್ತಿಗೆ ಬರುತ್ತದೆ, ಆಗ ಸಂಭ್ರಮ ಹೆಚ್ಚು. ಗಂಟೆಗೆ 120, 150 ಎಂದು ಸುದ್ದಿಯಲ್ಲಿ ಬರುವ ಸಂಖ್ಯೆ ಪರಿಪೂರ್ಣ ಕತ್ತಲಿನ ಲೆಕ್ಕ. ನಲವತ್ತು ಕಂಡರೆ ಹಬ್ಬ ಎಂದುಕೊಳ್ಳಿ. ಹೊರಡುವ ಮುನ್ನ ಕ್ಯಾಲೆಂಡರ್ ನೋಡಿ, ಹುಣ್ಣಿಮೆ ಹತ್ತಿರವಿದ್ದರೆ ಬೆಳದಿಂಗಳು ಅರ್ಧಕ್ಕರ್ಧ ನುಂಗಿಬಿಡುತ್ತದೆ. 2026ರಲ್ಲಿ ಅಮಾವಾಸ್ಯೆ ಕಳೆದು ಐದನೇ ದಿನಕ್ಕೆ ಬರುತ್ತದೆ, ಎಳೆಯ ಚಂದ್ರ ಬೇಗ ಮುಳುಗುತ್ತಾನೆ.

ವಿಚಿತ್ರವೆಂದರೆ ಜೆಮಿನಿಡ್ಸ್‌ನ ಮೂಲ ಧೂಮಕೇತುವಲ್ಲ, 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹ. ಧೂಮಕೇತುವಲ್ಲದ ಕಲ್ಲು ಇಷ್ಟೊಂದು ಧೂಳನ್ನು ಹೇಗೆ ಉದುರಿಸಿತು ಎಂಬುದರ ಬಗ್ಗೆ ವಿಜ್ಞಾನಿಗಳು ಇನ್ನೂ ತಲೆ ಕೆಡಿಸಿಕೊಳ್ಳುತ್ತಿದ್ದಾರೆ.

ಜಾಗಕ್ಕೆ ಜೋಗಿಮಟ್ಟಿ ಹತ್ತಬೇಡಿ. ಅದು ವನ್ಯಧಾಮ, ಕರಡಿ ಚಿರತೆಗಳ ಮನೆ, ರಾತ್ರಿ ಅಲ್ಲಿ ನಮಗೆ ಕೆಲಸವಿಲ್ಲ. ಊರಿನ ದೀಪ ಬೆನ್ನ ಹಿಂದೆ ಬೀಳುವ ಯಾವುದಾದರೂ ಪರಿಚಯದವರ ಹೊಲ, ಕಣ ಸಾಕು. ಚಳ್ಳಕೆರೆ ಕಡೆಯ ಕುರಿ ಕಂಬಳಿ ಇದ್ದರೆ ನೆಲಕ್ಕೆ ಒಂದು, ಮೈಗೆ ಒಂದು ತನ್ನಿ. ಎರಡು ಗಂಟೆಯ ಚಳಿಗೆ ಸ್ವೆಟರ್ ಸಾಲದು. ಮಲಗಿಕೊಂಡೇ ನೋಡಬೇಕು, ಕೂತು ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು, ಒಬ್ಬರು ಮೊಬೈಲ್ ತೆರೆದರೆ ಎಲ್ಲರ ಇಪ್ಪತ್ತು ನಿಮಿಷವೂ ಹಾಳು. ಟಾರ್ಚಿಗೆ ಕೆಂಪು ಬಣ್ಣದ ಕಾಗದ ಕಟ್ಟಿಕೊಳ್ಳಿ.

ಕಳೆದ ಸಲ ಒಬ್ಬ ಪುಟ್ಟ ಹುಡುಗಿ ಕಂಬಳಿಯಿಂದ ಮೂಗು ಮಾತ್ರ ಹೊರಗಿಟ್ಟು ಅಜ್ಜನ ಪಕ್ಕದಲ್ಲಿ ಮಲಗಿದ್ದಳು. ಅರ್ಧ ಗಂಟೆ ಏನೂ ಕಾಣಲಿಲ್ಲ. ಎಲ್ಲರೂ ‘ಅಗೋ’ ಎಂದಾಗ ಅವಳು ಇನ್ನೆಲ್ಲೋ ನೋಡುತ್ತಿದ್ದಳು. ಅಜ್ಜನಿಗೆ ಗೊರಕೆ ಶುರುವಾಗಿತ್ತು. ಆಗ ಹಸಿರು ಛಾಯೆಯ ಉದ್ದನೆಯ ಗೆರೆಯೊಂದು ನೆತ್ತಿಯಿಂದ ಪಶ್ಚಿಮದವರೆಗೆ ಹರಿಯಿತು, ಒಂದು ಕ್ಷಣ ಅದರ ಹೊಗೆಯೂ ಉಳಿಯಿತು. ಅವಳು ಕೂಗಲಿಲ್ಲ. ಅಜ್ಜನ ಮೂಗನ್ನು ಹಿಡಿದು ಎಬ್ಬಿಸಿ, ‘ನನಗೊಂದು ಸಿಕ್ಕಿತು’ ಎಂದಳು.

ದೂರದಲ್ಲಿ ಕೆಂಪಗೆ ಮಿನುಗುವುದು ಮಂಗಳ ಗ್ರಹವೇ?

ಹತ್ತಾರು ಒಟ್ಟಿಗೆ ಮಿನುಗುತ್ತಿದ್ದರೆ ಅದು ಗುಡ್ಡದ ಮೇಲಿನ ಗಾಳಿಯಂತ್ರಗಳ ದೀಪ. ನಮ್ಮ ದುರ್ಗದ ವಿಶೇಷ! ಮಂಗಳ ಮಿನುಗುವುದಿಲ್ಲ, ಸ್ಥಿರವಾಗಿ ಕಿತ್ತಳೆ ಬಣ್ಣದಲ್ಲಿ ಇರುತ್ತದೆ. ನಿಧಾನವಾಗಿ ಮಿನುಗದೆ ಸಾಗುವ ಒಂಟಿ ಚುಕ್ಕೆ ಕೃತಕ ಉಪಗ್ರಹ. ರಾತ್ರಿ ರೈಲಿನ ಕಿಟಕಿಗಳ ಹಾಗೆ ಸಾಲಾಗಿ ಹೋದರೆ ಅವು ಸ್ಟಾರ್‌ಲಿಂಕ್ ಉಪಗ್ರಹಗಳು.

ಉಲ್ಕೆ ಸದ್ದು ಮಾಡುತ್ತದೆಯೇ?

ಸಣ್ಣವು ಮಾಡುವುದಿಲ್ಲ. ತೀರ ದೊಡ್ಡದು ಬಂದರೆ ಬೆಳಕು ಮೊದಲು, ಸದ್ದು ನಿಮಿಷಗಳ ನಂತರ. 2013ರ ಫೆಬ್ರವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರ್ ಅಗಲದ ಬಂಡೆ ಸಿಡಿಯಿತು. ಬೆಳಕು ಕಂಡವರು ಏನಾಯಿತೆಂದು ಕಿಟಕಿಗೆ ಮುಖವಿಟ್ಟು ನೋಡುತ್ತಿದ್ದಾಗ ಆಘಾತದ ಅಲೆ ಬಂದು ಗಾಜು ಒಡೆಯಿತು. ಸುಮಾರು 1,500 ಜನರಿಗೆ ಗಾಯವಾಯಿತು, ಹೆಚ್ಚಿನವರಿಗೆ ಗಾಜಿನಿಂದಲೇ. ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಯಿಂದ ದೂರ ನಿಲ್ಲಿ ಎಂದು ಮಕ್ಕಳಿಗೆ ಹೇಳಿಕೊಡಿ, ಗುಡುಗು ಸಿಡಿಲಿಗೆ ಹೇಳಿಕೊಡುವ ಹಾಗೆ.

ನಮ್ಮ ಹೊಲದಲ್ಲಿ ಕಪ್ಪು ಕಲ್ಲು ಸಿಕ್ಕಿದೆ, ಭಾರವಾಗಿದೆ, ಆಯಸ್ಕಾಂತ ಹಿಡಿಯುತ್ತದೆ. ಉಲ್ಕಾಶಿಲೆಯೇ?

ಹೆಚ್ಚುಕಡಿಮೆ ಖಂಡಿತ ಅಲ್ಲ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ಜಿಲ್ಲೆಯೇ ಕಬ್ಬಿಣದ ಅದಿರಿನ ನೆಲ. ಭೀಮಸಮುದ್ರ, ಹೊಸದುರ್ಗದ ಕಡೆಯ ಕಲ್ಲುಗಳು ಭಾರವೂ ಹೌದು, ಕಪ್ಪೂ ಹೌದು, ಕೆಲವು ಆಯಸ್ಕಾಂತಕ್ಕೂ ಅಂಟುತ್ತವೆ. ಕುಲುಮೆಯ ಕಿಟ್ಟವೂ ಹಾಗೆಯೇ, ಅದರಲ್ಲಿ ಗುಳ್ಳೆಯ ತೂತುಗಳಿರುತ್ತವೆ. ಉಲ್ಕಾಶಿಲೆಯಲ್ಲಿ ಅಂಥ ತೂತುಗಳು ಇರುವುದು ತೀರ ಕಡಿಮೆ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಹೊರಗೆ ಸುಟ್ಟ ರೊಟ್ಟಿಯಂಥ ತೆಳುವಾದ ಕಪ್ಪು ಪದರ, ಮುರಿದರೆ ಒಳಗೆ ಬಣ್ಣವೇ ಬೇರೆ. ನನ್ನ ಮೇಜಿನ ಮೇಲೆ ಮಕ್ಕಳು ತಂದುಕೊಟ್ಟ ಇಂಥ ಒಂಬತ್ತು ಕಲ್ಲುಗಳಿವೆ. ಒಂದೂ ಆಕಾಶದ್ದಲ್ಲ, ಕಾಗದ ಹಾರದಂತೆ ಇಡಲು ಚೆನ್ನಾಗಿವೆ.

ಆದರೂ ನಮ್ಮ ಕಲ್ಲುಗಳನ್ನು ಕಡೆಗಣಿಸಬೇಡಿ. ಐಮಂಗಲದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಪೇರಿಸಿಟ್ಟಂತೆ ಕಾಣುವ ಬಂಡೆಗಳಿವೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಹಾಗೆ ಹೆಪ್ಪುಗಟ್ಟಿದ್ದು, ವಯಸ್ಸು ಸುಮಾರು 250 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಉಲ್ಕಾಶಿಲೆಗಳ ವಯಸ್ಸು ಸುಮಾರು 456 ಕೋಟಿ ವರ್ಷ, ಸೌರವ್ಯೂಹ ಹುಟ್ಟಿದಾಗಿನವು. ಮಗುವನ್ನು ಮರಡಿಹಳ್ಳಿಯ ಬಂಡೆಯ ಮೇಲೆ ಕೂರಿಸಿ ಈ ಎರಡು ಸಂಖ್ಯೆ ಹೇಳಿ ನೋಡಿ.

ಎಲ್ಲ ಪರೀಕ್ಷೆ ಮುಗಿದ ಮೇಲೂ ಅನುಮಾನ ಉಳಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಬೇಕು. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವುದು ಅವರೇ. 1976ರ ಜನವರಿಯಲ್ಲಿ ಗುಜರಾತಿನ ಧಾಜಾಲಾದಲ್ಲಿ, 2017ರ ಜೂನ್‌ನಲ್ಲಿ ರಾಜಸ್ಥಾನದ ಮುಕುಂದಪುರದಲ್ಲಿ ಬಿದ್ದದ್ದು ಹೀಗೆಯೇ ವಿಜ್ಞಾನಿಗಳ ಕೈ ಸೇರಿತು.

ಕ್ಷುದ್ರಗ್ರಹ ಬಡಿದು ಭೂಮಿ ನಾಶವಾಗುತ್ತದೆಯಂತೆ, ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

ವರ್ಷಕ್ಕೆ ಎರಡು ಸಲ ಬರುತ್ತದೆ ಆ ಸಂದೇಶ, ತಾರೀಖು ಮಾತ್ರ ಬೇರೆ. ಅದನ್ನು ಓದಿ ನಿದ್ದೆ ಬಿಟ್ಟ ಮಕ್ಕಳನ್ನು ನೋಡಿದ್ದೇನೆ. ಕಳಿಸಿದ ದೊಡ್ಡವರು ಮಾತ್ರ ಸುಖವಾಗಿ ಮಲಗಿದ್ದರು.

ಹೆದರಿದ ಮಗುವಿಗೆ ‘ಏನೂ ಆಗಲ್ಲ ಸುಮ್ಮನಿರು’ ಎಂದರೆ ಸಾಲದು, ವಿಷಯ ಹೇಳಿ. ದೊಡ್ಡ ಬಂಡೆ ಬಡಿದದ್ದು ನಿಜ: 6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಬಳಿ ಬಿದ್ದದ್ದು ಡೈನೊಸಾರ್‌ಗಳ ಕಾಲವನ್ನು ಮುಗಿಸಿತು. ಅದಕ್ಕೇ ಈಗ ದೂರದರ್ಶಕಗಳು ರಾತ್ರಿಯಿಡೀ ಕಾವಲಿವೆ. 2025ರ ಆರಂಭದಲ್ಲಿ ‘2024 ವೈಆರ್4’ ಎಂಬ ಬಂಡೆ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ ಶೇ 3ರವರೆಗೆ ಏರಿತ್ತು. ಇನ್ನಷ್ಟು ನೋಡಿ ದಾರಿಯನ್ನು ನಿಖರವಾಗಿ ಲೆಕ್ಕ ಹಾಕಿದ ಮೇಲೆ ಕೆಲವೇ ವಾರಗಳಲ್ಲಿ ಆ ಭಯ ಹೋಯಿತು. ಸಂದೇಶ ಮಾತ್ರ ಇನ್ನೂ ಸುತ್ತುತ್ತಿದೆ. ಅಪೋಫಿಸ್ ಎಂಬುದು 2029ರ ಏಪ್ರಿಲ್ 13ರಂದು ನೆಲದಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ, ಬಡಿಯುವುದಿಲ್ಲ.

ಮಕ್ಕಳಿಗೆ ಅತಿ ಇಷ್ಟವಾಗುವುದು ಡಾರ್ಟ್‌ನ ಕಥೆ. 2022ರ ಸೆಪ್ಟೆಂಬರ್ 26ರಂದು ನಾಸಾ ಒಂದು ನೌಕೆಯನ್ನು ಬೇಕೆಂದೇ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಗುದ್ದಿಸಿತು. ತನ್ನ ದೊಡ್ಡ ಜೊತೆಗಾರನನ್ನು 11 ಗಂಟೆ 55 ನಿಮಿಷಕ್ಕೊಮ್ಮೆ ಸುತ್ತುತ್ತಿದ್ದ ಅದು, ಗುದ್ದಿದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬೇಗ ಸುತ್ತತೊಡಗಿತು. ಗೋಲಿಯಾಟದಲ್ಲಿ ಇನ್ನೊಬ್ಬರ ಗೋಲಿಯ ದಾರಿ ತಪ್ಪಿಸಿದ ಹಾಗೆ.

ಮನುಷ್ಯರಿಗೆ ಕಲ್ಲು ತಾಗಿದ್ದೂ ಉಂಟು. 1954ರ ನವೆಂಬರ್ 30ರಂದು ಅಮೆರಿಕದ ಅಲಬಾಮಾದಲ್ಲಿ ಮಲಗಿದ್ದ ಮಹಿಳೆಯೊಬ್ಬರಿಗೆ, ಮಾಡು ತೂತು ಮಾಡಿ ಬಂದ ಉಲ್ಕಾಶಿಲೆ ರೇಡಿಯೊಗೆ ಬಡಿದು ಪುಟಿದು ತಾಗಿತು. ಸೊಂಟದ ಬಳಿ ಕಂದಿತು, ಬದುಕಿದರು.

ಚಂದ್ರನ ಮೇಲೆ ಅಷ್ಟೊಂದು ಕುಳಿಗಳಿವೆ, ಭೂಮಿಯ ಮೇಲೆ ಏಕಿಲ್ಲ?

ಇಲ್ಲಿಯೂ ಬಿದ್ದಿವೆ, ಮಳೆ ಗಾಳಿ ಅಳಿಸಿಹಾಕಿವೆ. ಚಂದ್ರನ ಮೇಲೆ ಗುಡಿಸುವವರಿಲ್ಲ. ನಮ್ಮಲ್ಲಿ ಉಳಿದಿರುವುದರಲ್ಲಿ ಮಹಾರಾಷ್ಟ್ರದ ಲೋಣಾರ್ ಸರೋವರ ಪ್ರಸಿದ್ಧ, ಅಡ್ಡಳತೆ 1.8 ಕಿ.ಮೀ.

ಮನೆಯಲ್ಲಿ ಮಾಡಿ ನೋಡಲು: ಪರಾತದಲ್ಲಿ ಎರಡು ಬೆರಳು ದಪ್ಪ ಮೈದಾ ಹರಡಿ, ಮೇಲೆ ತೆಳ್ಳಗೆ ರಾಗಿ ಹಿಟ್ಟು ಉದುರಿಸಿ, ಮೇಲಿನಿಂದ ಗೋಲಿ ಬಿಡಿ. ಕುಳಿಯ ಸುತ್ತ ಬಿಳಿ ಕಿರಣಗಳು ಚಿಮ್ಮುತ್ತವೆ, ಹುಣ್ಣಿಮೆಯ ಚಂದ್ರನಲ್ಲಿ ಕಾಣುವಂಥವೇ. ಹಿಟ್ಟು ಹಾಳೆಂದು ಅಜ್ಜಿ ಬೈದರೆ ಮರಳು ಮತ್ತು ಒಲೆಯ ಬೂದಿಯಲ್ಲೂ ಆಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದೇ ಆಟವನ್ನು ಇಸ್ರೊ ದೊಡ್ಡದಾಗಿ ಆಡಿದೆ ಎಂದರೆ ಮಕ್ಕಳು ನಂಬುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ನೆಲದಂತೆ ಕುಳಿಗಳನ್ನು ತೋಡಿ, ಚಂದ್ರಯಾನದ ಲ್ಯಾಂಡರ್‌ಗೆ ದಾರಿ ತೋರುವ ಸಂವೇದಕಗಳನ್ನು ಪರೀಕ್ಷಿಸಿದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ಅದರಲ್ಲಿ ಚಳ್ಳಕೆರೆಯ ಕೆಮ್ಮಣ್ಣಿನ ಪಾಲೂ ಇತ್ತು. ರೆಕ್ಕೆಯಿರುವ ಪುಷ್ಪಕ್ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು, ಅದು ತಾನಾಗಿಯೇ ಇಳಿಯುವಂತೆ ಮಾಡಿದ್ದೂ ಅದೇ ತಾಲ್ಲೂಕಿನಲ್ಲಿ, 2023ರ ಏಪ್ರಿಲ್ 2ರಂದು ಮೊದಲ ಬಾರಿಗೆ.

ಟೆಲಿಸ್ಕೋಪ್ ಯಾವುದು ಕೊಡಿಸಲಿ?

ಈಗಲೇ ಯಾವುದೂ ಬೇಡ. ‘500 ಪಟ್ಟು ದೊಡ್ಡದಾಗಿ ಕಾಣುತ್ತದೆ’ ಎಂದು ಡಬ್ಬದ ಮೇಲೆ ಬರೆದಿದ್ದ ಒಂದನ್ನು ಆನ್‌ಲೈನಿನಲ್ಲಿ ತರಿಸಿ ನಾನು ಮೋಸಹೋಗಿದ್ದೇನೆ. ಅದರ ಕಾಲುಗಳು ಉಸಿರು ಬಿಟ್ಟರೂ ನಡುಗುತ್ತಿದ್ದವು, ಚಂದ್ರ ಕುಣಿಯುತ್ತಿದ್ದ. ಉಲ್ಕೆ ನೋಡಲು ಟೆಲಿಸ್ಕೋಪ್ ಪ್ರಯೋಜನಕ್ಕೇ ಬರುವುದಿಲ್ಲ, ಇಡೀ ಆಕಾಶ ಕಣ್ಣಿಗೆ ಬೀಳಬೇಕು. ಒಂದೆರಡು ವರ್ಷ ಬರಿಗಣ್ಣಿನಲ್ಲಿ ನೋಡಿದ ಮೇಲೂ ಮಗು ಕೇಳುತ್ತಿದ್ದರೆ 10×50 ಬೈನಾಕ್ಯುಲರ್ ಕೊಡಿಸಿ. ಗೋಡೆಗೆ ಒರಗಿ ಕೈ ಅಲುಗದಂತೆ ಹಿಡಿದರೆ 1610ರಲ್ಲಿ ಗೆಲಿಲಿಯೊ ಕಂಡ ಗುರುವಿನ ನಾಲ್ಕು ಚಂದ್ರರು ಕಾಣುತ್ತಾರೆ. ಸೂರ್ಯನತ್ತ ಮಾತ್ರ ಅದನ್ನು ಎಂದೆಂದಿಗೂ ತಿರುಗಿಸಬಾರದು, ಕಣ್ಣೇ ಹೋಗುತ್ತದೆ.

ಚುಕ್ಕಿ ಬಿದ್ದದ್ದನ್ನು ನೋಡಿದರೆ ಕೆಟ್ಟದ್ದು ಎಂದು ಅಜ್ಜಿ ಹೇಳುತ್ತಾರೆ. ಏನು ಹೇಳಲಿ?

ಅಜ್ಜಿಯನ್ನೂ ಹೊಲಕ್ಕೆ ಕರೆತನ್ನಿ. ವಾದ ಬೇಡ. ನಮ್ಮಲ್ಲಿಗೆ ಬಂದ ಅಜ್ಜಿಯರು ಸಪ್ತರ್ಷಿ, ಕೃತ್ತಿಕೆ, ಬೆಳ್ಳಿ ಚುಕ್ಕಿಯನ್ನು ಯಾವ ಆ್ಯಪ್ ಇಲ್ಲದೆ ತೋರಿಸುತ್ತಾರೆ, ನನಗಿಂತ ಬೇಗ.

ರಾತ್ರಿ ಎಂಟಕ್ಕೇ ಮಲಗುವ ಮಗುವಿಗೆ ಏನಾದರೂ ಇದೆಯೇ?

ಇದೆ, ಮಟಮಟ ಮಧ್ಯಾಹ್ನ. ಏಪ್ರಿಲ್ ಕೊನೆಯ ದಿನಗಳಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ದುರ್ಗ, ದಾವಣಗೆರೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಲೋಟದ ನೆರಳು ಲೋಟದ ಬುಡದಲ್ಲೇ ಅಡಗುತ್ತದೆ. ಹನ್ನೆರಡೂಕಾಲಿನಿಂದ ಹನ್ನೆರಡೂವರೆಯವರೆಗೆ ಅಂಗಳದಲ್ಲಿ ಲೋಟ ಇಟ್ಟು ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸಿ.

ಡಿಸೆಂಬರ್ 13ಕ್ಕೆ ಮೋಡ ಕವಿದರೆ?

ಹಿಂದಿನ ರಾತ್ರಿಯೂ ಒಂದಷ್ಟು ಕಾಣುತ್ತವೆ, ಆದ್ದರಿಂದ 12ಕ್ಕೇ ಒಮ್ಮೆ ಮಾಳಿಗೆ ಹತ್ತಿ ನೋಡಿರಿ. 14ರ ರಾತ್ರಿಗೆ ಬೇಗ ಕಡಿಮೆಯಾಗುತ್ತವೆ. ಮೂರೂ ದಿನ ಮೋಡವಿದ್ದರೆ ಹೊಲದಲ್ಲಿ ಅವಲಕ್ಕಿ ಕಲಸಿ ತಿಂದು ಮನೆಗೆ ಹೋಗುತ್ತೇವೆ. ಒಂದು ವರ್ಷ ಹಾಗೆಯೇ ಆಯಿತು.